ಬರದಲ್ಲಿ ಗಿಡ ನೀರನ್ನು ಹಿಡಿದಿಡುವುದು ಹೇಗೆ? ಬಾಷ್ಪವಿಸರ್ಜನೆ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಎಲೆ ಜೋತುಬಿದ್ದದ್ದು ಕಂಡ ಕೂಡಲೇ ನೀರು ಸುರಿಯುವುದು ಎಲ್ಲರ ಅಭ್ಯಾಸ. ಬಹಳ ಸಲ ಅದು ಸರಿಯೂ ಹೌದು. ಆದರೆ ಎಲೆ ಜೋಲುವ ಹೊತ್ತಿಗೆ ಗಿಡದೊಳಗೆ ನಾಲ್ಕಾರು ಏರ್ಪಾಡುಗಳು ಆಗಲೇ ನಡೆದಿರುತ್ತವೆ. ನಮ್ಮ ಕಣ್ಣಿಗೆ ಬೀಳುವುದು ಅವುಗಳಲ್ಲಿ ತೀರಾ ತಡವಾದದ್ದು. ಯಾವುದು ಮೊದಲು, ಯಾವುದು ಆಮೇಲೆ, ಯಾವ ಹಂತದಲ್ಲಿ ನಮ್ಮ ಕೈ ನೆರವಾದೀತು ಎಂಬುದನ್ನು ಇಲ್ಲಿ ಹೇಳಿದೆ.

ಕಷ್ಟಪಟ್ಟು ಹೀರಿದ ನೀರನ್ನು ಗಿಡ ಗಾಳಿಗೆ ಬಿಡುವುದಾದರೂ ಏಕೆ?

ಬೇರು ಹೀರಿದ ನೀರಿನಲ್ಲಿ ಶೇ. 97ರಿಂದ 99ರಷ್ಟು ಎಲೆಗಳಿಂದ ಆವಿಯಾಗಿ ಹೊರಟುಹೋಗುತ್ತದೆ. ಇದೇ ಬಾಷ್ಪವಿಸರ್ಜನೆ. ಬೆಳವಣಿಗೆಗೂ ದ್ಯುತಿಸಂಶ್ಲೇಷಣೆಗೂ ಬಳಕೆಯಾಗುವುದು ಉಳಿದ ಅಷ್ಟಿಷ್ಟು ಮಾತ್ರ. ಇದು ಪೋಲು ಎನಿಸಬಹುದು, ಆದರೆ ಗಿಡಕ್ಕೆ ಇದು ಇಂಗಾಲಕ್ಕೆ ತೆರುವ ಬೆಲೆ. ಇಂಗಾಲದ ಡೈಆಕ್ಸೈಡ್ ಒಳಗೆ ಬರಬೇಕಾದರೆ ಎಲೆಯ ಪತ್ರರಂಧ್ರ ತೆರೆಯಬೇಕು. ರಂಧ್ರ ತೆರೆದರೆ ಎಲೆಯೊಳಗಿನ ತೇವ ಅದೇ ದಾರಿಯಲ್ಲಿ ಹೊರಗೆ ಹೋಗುತ್ತದೆ. ಒಂದನ್ನು ಬಿಟ್ಟುಕೊಂಡು ಇನ್ನೊಂದನ್ನು ತಡೆಯುವ ಬಾಗಿಲು ಯಾವ ಗಿಡಕ್ಕೂ ಇಲ್ಲ.

ವ್ಯಾಪಾರವೂ ಸಮನಾದದ್ದಲ್ಲ. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಇರುವುದು ಶೇ. 0.04ರ ಆಸುಪಾಸು. ಎಲೆಯೊಳಗಿನ ಗಾಳಿಯಾದರೋ ಆವಿಯಿಂದ ಬಹುತೇಕ ತುಂಬಿರುತ್ತದೆ. ಹೀಗಾಗಿ ಗೋಧಿ, ಭತ್ತ, ಸೂರ್ಯಕಾಂತಿಯಂಥ ಸಿ3 ಗಿಡಗಳು (ಇಂಗಾಲವನ್ನು ಮೊದಲು ಮೂರು ಇಂಗಾಲದ ಸಂಯುಕ್ತವಾಗಿ ಹಿಡಿಯುವವು) ಒಂದು ಇಂಗಾಲದ ಡೈಆಕ್ಸೈಡ್ ಅಣುವಿಗಾಗಿ 400ರಿಂದ 500 ನೀರಿನ ಅಣುಗಳನ್ನು ಕಳೆದುಕೊಳ್ಳುತ್ತವೆ. ಜೋಳ, ಮೆಕ್ಕೆಜೋಳ, ರಾಗಿ, ಕಬ್ಬಿನಂಥ ಸಿ4 ಗಿಡಗಳಲ್ಲಿ (ನಾಲ್ಕು ಇಂಗಾಲದ ಸಂಯುಕ್ತವಾಗಿ ಹಿಡಿಯುವವು) ಇದು ಸುಮಾರು ಅರ್ಧಕ್ಕೆ ಇಳಿಯುತ್ತದೆ.

ಇದರ ಜೊತೆಗೆ ಎರಡು ಲಾಭಗಳಿವೆ. ಒಂದು, ಮಣ್ಣಿನ ಖನಿಜಗಳು ನೀರಿನ ಹರಿವಿನೊಂದಿಗೆ ಮೇಲೇರುತ್ತವೆ. ಇನ್ನೊಂದು, ಎಲೆ ತಂಪಾಗುತ್ತದೆ. 1 ಲೀಟರ್ ನೀರು ಆವಿಯಾಗಲು ಸುಮಾರು 2.4 ಮೆಗಾಜೂಲ್ ಶಾಖ ಬೇಕು, ಅಷ್ಟೂ ಶಾಖ ಎಲೆಯಿಂದಲೇ ಹೋಗುತ್ತದೆ. ಬರದ ಜೊತೆ ಬಿಸಿಗಾಳಿಯೂ ಬಂದಾಗ ಈ ಎರಡನೆಯ ಲಾಭ ಕೈತಪ್ಪುವುದೇ ದೊಡ್ಡ ಪೆಟ್ಟು.

ಹೃದಯವಿಲ್ಲ, ಪಂಪಿಲ್ಲ. ನೀರು ಮೇಲಕ್ಕೆ ಏರುವುದು ಹೇಗೆ?

ತಳ್ಳುವವರಿಲ್ಲ, ಎಳೆಯುವವರಿದ್ದಾರೆ. ಎಲೆಯೊಳಗಿನ ಒದ್ದೆ ಗೋಡೆಗಳಿಂದ ನೀರು ಆವಿಯಾದಂತೆ ಅದರ ಹಿಂದಿನ ನೀರು ಎಳೆತಕ್ಕೆ ಸಿಕ್ಕುತ್ತದೆ. ನೀರಿನ ಅಣುಗಳು ಒಂದನ್ನೊಂದು ಗಟ್ಟಿಯಾಗಿ ಹಿಡಿದಿರುವುದರಿಂದ ಆ ಎಳೆತ ನೀರು ಸಾಗಿಸುವ ಕ್ಸೈಲಂ ಕೊಳವೆಗಳ ಉದ್ದಕ್ಕೂ ಬೇರಿನ ತುದಿಯವರೆಗೆ ಇಳಿಯುತ್ತದೆ. 1894ರಲ್ಲಿ ವಿಜ್ಞಾನಿಗಳಾದ ಡಿಕ್ಸನ್ ಮತ್ತು ಜೋಲಿ ಮುಂದಿಟ್ಟ ವಿವರಣೆ ಇದು. ಇವತ್ತಿಗೂ ಒಪ್ಪಿತವಾಗಿರುವುದು ಇದೇ.

ಎಳೆತದ ಬಲವನ್ನು ಜಲವಿಭವ ಎಂಬ ಅಳತೆಯಲ್ಲಿ ಹೇಳುತ್ತಾರೆ. ಇದರಲ್ಲಿ ಸಂಖ್ಯೆ ಹೆಚ್ಚು ಋಣವಾದಷ್ಟೂ ಎಳೆತ ಹೆಚ್ಚು. ಚೆನ್ನಾಗಿ ತೊಯ್ದು ಬಸಿದ ಮಣ್ಣು ಸುಮಾರು −0.03 ಮೆಗಾಪ್ಯಾಸ್ಕಲ್. ಹಗಲಲ್ಲಿ ಎಲೆ −1ರ ಆಚೀಚೆ. ಶೇ. 50 ತೇವವಿರುವ ಗಾಳಿ ಸುಮಾರು −94! ಮಣ್ಣಿನಿಂದ ಎಲೆಗೆ ಇರುವ ಇಳಿಜಾರು ಸಣ್ಣದು, ಎಲೆಯಿಂದ ಗಾಳಿಗೆ ಇರುವುದು ಪ್ರಪಾತ. ಆ ಪ್ರಪಾತದ ಅಂಚಿನಲ್ಲಿ ಇರುವ ತೂಬೇ ಪತ್ರರಂಧ್ರ. ಮಣ್ಣು ಒಣಗುತ್ತ −1.5ಕ್ಕೆ ಬಂದಾಗ ಬಹುತೇಕ ಬೆಳೆಗಳು ಅದರಿಂದ ನೀರೆಳೆಯಲಾರವು. ಇದನ್ನು ಶಾಶ್ವತ ಬಾಡುವಿಕೆಯ ಮಟ್ಟ ಎನ್ನುತ್ತಾರೆ. ಗಡಿ ಎಲ್ಲ ಗಿಡಕ್ಕೂ ಒಂದೇ ಅಲ್ಲ, ಮರುಭೂಮಿಯ ಪೊದೆಗಳು ಇದಕ್ಕಿಂತ ಬಹಳ ಕೆಳಗೂ ಬದುಕುತ್ತವೆ.

ಪತ್ರರಂಧ್ರ ತೆರೆದು ಮುಚ್ಚುವ ಯಂತ್ರ ಯಾವುದು?

ಬಹುತೇಕ ಗಿಡಗಳಲ್ಲಿ ಪ್ರತಿ ರಂಧ್ರದ ಎರಡು ಬದಿಗೆ ಅವರೆಕಾಳಿನ ಆಕಾರದ ಎರಡು ಕಾವಲು ಕೋಶಗಳಿವೆ. ಅವುಗಳ ಗೋಡೆಯಲ್ಲಿ ಸೆಲ್ಯುಲೋಸ್ ಎಳೆಗಳು ಅಡ್ಡಡ್ಡಲಾಗಿ ಸುತ್ತಿಕೊಂಡಿರುತ್ತವೆ. ಹೀಗಾಗಿ ನೀರು ತುಂಬಿದಾಗ ಕೋಶ ದಪ್ಪವಾಗದೆ ಉದ್ದವಾಗುತ್ತದೆ. ಎರಡು ತುದಿಯೂ ಅಂಟಿಕೊಂಡಿರುವುದರಿಂದ ಬಿಲ್ಲಿನಂತೆ ಹೊರಕ್ಕೆ ಬಾಗದೆ ಗತ್ಯಂತರವಿಲ್ಲ. ನಡುವೆ ಸೀಳು ತೆರೆಯುತ್ತದೆ.

ನೀರು ತುಂಬಿಸುವುದು ಪೊಟ್ಯಾಸಿಯಂ. ಬೆಳಗಿನ ಬೆಳಕಿನ ನೀಲಿ ಭಾಗ ಬಿದ್ದಾಗ ಕಾವಲು ಕೋಶದ ಪ್ರೋಟಾನ್ ಪಂಪುಗಳು ಚಾಲೂ ಆಗುತ್ತವೆ. ಹೈಡ್ರೋಜನ್ ಅಯಾನುಗಳು ಹೊರಹೋಗಿ ಒಳಗೆ ಋಣ ವಿದ್ಯುದಂಶ ಉಳಿಯುತ್ತದೆ, ಆ ಸೆಳೆತಕ್ಕೆ ಪೊಟ್ಯಾಸಿಯಂ ಒಳನುಗ್ಗುತ್ತದೆ. ಕ್ಲೋರೈಡ್ ಮತ್ತು ಮ್ಯಾಲೇಟ್ ಎಂಬ ಋಣ ಅಯಾನುಗಳು ಜೊತೆಗೂಡುತ್ತವೆ. ಉಪ್ಪು ಹೆಚ್ಚಾದ ಕಡೆಗೆ ನೀರು ಹಿಂಬಾಲಿಸುತ್ತದೆ. ಮುಚ್ಚುವಾಗ ಇದೆಲ್ಲ ಹಿಂದುಮುಂದು. ಪೊಟ್ಯಾಸಿಯಂ ಕೊರತೆಯಿರುವ ಗಿಡದ ರಂಧ್ರಗಳು ತೆರೆಯುವುದಕ್ಕೂ ಮುಚ್ಚುವುದಕ್ಕೂ ತಡಮಾಡುತ್ತವೆ. ಬರಕ್ಕೆ ಅದು ಬೇಗ ಸೋಲುವ ಕಾರಣಗಳಲ್ಲಿ ಇದೂ ಒಂದು. ಹಳೆಯ ಎಲೆಗಳ ಅಂಚು ಸುಟ್ಟಂತೆ ಒಣಗುತ್ತಿದ್ದರೆ ಈ ಕೊರತೆಯನ್ನು ಅನುಮಾನಿಸಬೇಕು.

ಎಣಿಕೆ ಬೇಕೆನ್ನುವವರಿಗೆ: ಬಹಳಷ್ಟು ಎಲೆಗಳಲ್ಲಿ 1 ಚದರ ಮಿಲಿಮೀಟರಿಗೆ 50ರಿಂದ 300 ರಂಧ್ರಗಳಿರುತ್ತವೆ. ಎಲ್ಲವೂ ತೆರೆದಾಗಲೂ ಎಲೆಯ ಮೇಲ್ಮೈಯಲ್ಲಿ ಅವು ಆಕ್ರಮಿಸುವ ಜಾಗ ಶೇ. 1–2 ಮಾತ್ರ. ಆದರೆ ಹೊರಹೋಗುವ ನೀರಿನಲ್ಲಿ ಶೇ. 90ಕ್ಕೂ ಹೆಚ್ಚು ಅವುಗಳ ಮೂಲಕವೇ.

ಮಣ್ಣು ಒಣಗಿದ್ದು ಎಲೆಗೆ ಹೇಗೆ ಗೊತ್ತಾಗುತ್ತದೆ?

ಮುಖ್ಯ ಸುದ್ದಿಗಾರ ಆಬ್ಸಿಸಿಕ್ ಆಮ್ಲ, ಚುಟುಕಾಗಿ ಎಬಿಎ. ಬಾಡಿದ ಗೋಧಿ ಎಲೆಯಲ್ಲಿ ಈ ಹಾರ್ಮೋನು ಏರುತ್ತದೆ ಎಂದು ತಿಳಿದದ್ದು 1969ರಲ್ಲಿ. ಬರಕ್ಕೆ ಸಿಕ್ಕ ಎಲೆಯಲ್ಲಿ ಕೆಲವೇ ಗಂಟೆಗಳೊಳಗೆ ಇದು 50 ಪಟ್ಟಿನವರೆಗೂ ಹೆಚ್ಚಬಹುದು. ಎಬಿಎ ತಯಾರಿಸಲಾಗದ ಟೊಮೆಟೊ ಮ್ಯುಟೆಂಟ್ (ಜೀನ್ ಬದಲಾದ ಗಿಡ) ಒಂದಿದೆ. ಬುಡ ಹಸಿಯಾಗಿದ್ದರೂ ಅದು ಬಾಡುತ್ತದೆ, ಯಾಕೆಂದರೆ ಅದರ ರಂಧ್ರಗಳಿಗೆ ಮುಚ್ಚಲು ಹೇಳುವವರೇ ಇಲ್ಲ. ಎಬಿಎ ಸಿಂಪಡಿಸಿದರೆ ನೆಟ್ಟಗಾಗುತ್ತದೆ. ಈ ಹಾರ್ಮೋನಿನ ಕೆಲಸ ತಿಳಿಸಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಕೆಲಸ ಸಾಗುವ ಸರಣಿ ಹೀಗೆ. ಸಾಮಾನ್ಯ ದಿನಗಳಲ್ಲಿ ಫಾಸ್ಫಟೇಸ್ ಎಂಬ ಕಿಣ್ವಗಳ ಗುಂಪೊಂದು, ರಂಧ್ರ ಮುಚ್ಚಿಸುವ ಕೈನೇಸ್ ಕಿಣ್ವವನ್ನು ಅದುಮಿ ಹಿಡಿದಿರುತ್ತದೆ. ಎಬಿಎ ಬಂದು ತನ್ನ ಗ್ರಾಹಕಕ್ಕೆ ಕೂತಾಗ ಆ ಜೋಡಿ ಫಾಸ್ಫಟೇಸನ್ನು ಕಟ್ಟಿಹಾಕುತ್ತದೆ. ಬಿಡುಗಡೆಯಾದ ಕೈನೇಸ್ ಋಣ ಅಯಾನುಗಳ ಕಾಲುವೆಗಳನ್ನು ತೆರೆಸುತ್ತದೆ, ಅವುಗಳ ಹಿಂದೆಯೇ ಪೊಟ್ಯಾಸಿಯಂ, ಅದರ ಹಿಂದೆ ನೀರು ಹೊರಬೀಳುತ್ತದೆ. ಕಾವಲು ಕೋಶ ಸೊರಗಿ ಸೀಳು ಮುಚ್ಚುತ್ತದೆ. ಗ್ರಾಹಕ ಯಾವುದು ಎಂಬುದು ಖಚಿತವಾದದ್ದು 2009ರಲ್ಲಿ.

ಎಬಿಎ ಬೇರಿನಲ್ಲಿ ತಯಾರಾಗಿ ಮೇಲಕ್ಕೆ ಬರುತ್ತದೆ ಎಂದು ಹಳೆಯ ಪಠ್ಯಗಳು ಹೇಳುತ್ತವೆ. ಈಗಿನ ತಿಳಿವಳಿಕೆಯಂತೆ ಹೆಚ್ಚಿನ ಪಾಲು ಎಲೆಯ ನಾಳಗಳ ಬಳಿಯೇ ತಯಾರಾಗುತ್ತದೆ. ಬೇರಿನಿಂದ ಬರುವುದು ‘ತಯಾರಿಸು’ ಎಂಬ ಸಂದೇಶ. ಅಂಥ ಒಂದು ಸಂದೇಶವಾಹಕ ಪೆಪ್ಟೈಡನ್ನು (ಚಿಕ್ಕ ಪ್ರೋಟೀನ್ ತುಣುಕು) 2018ರಲ್ಲಿ, ಸಂಶೋಧನೆಗೆ ಬಳಸುವ ಅರಾಬಿಡೋಪ್ಸಿಸ್ ಎಂಬ ಸಣ್ಣ ಗಿಡದಲ್ಲಿ ಗುರುತಿಸಲಾಯಿತು.

ಬರ ಶುರುವಾದಾಗ ಗಿಡ ಎಲ್ಲಕ್ಕಿಂತ ಮೊದಲು ಮಾಡುವ ಕೆಲಸ ರಂಧ್ರ ಮುಚ್ಚುವುದೇ?

ಅಲ್ಲ. ಮೊದಲು ನಿಲ್ಲುವುದು ಎಲೆಯ ಬೆಳವಣಿಗೆ. ಹೊಸ ಕೋಶ ಹಿಗ್ಗಬೇಕಾದರೆ ಒಳಗಿನ ನೀರಿನ ಬಿಗುಪು ಗೋಡೆಯನ್ನು ತಳ್ಳಬೇಕು. ಆ ಬಿಗುಪು ತುಸು ಇಳಿದರೂ ಹಿಗ್ಗುವುದು ನಿಂತುಬಿಡುತ್ತದೆ. ರಂಧ್ರಗಳು ಇನ್ನೂ ತೆರೆದೇ ಇರುತ್ತವೆ, ಎಲೆ ನೋಡಲು ಚೆನ್ನಾಗಿಯೇ ಇರುತ್ತದೆ. ಹೊಸ ಎಲೆಗಳು ಮಾತ್ರ ಹಳೆಯವಕ್ಕಿಂತ ಚಿಕ್ಕದಾಗಿ ಬರುತ್ತಿರುತ್ತವೆ. ಎಲೆ ಚಿಕ್ಕದಾದರೆ ಆವಿಯಾಗುವ ಮೈಯೂ ಚಿಕ್ಕದು. ಗಿಡಕ್ಕೆ ಸಿಗುವ ಮೊದಲ ಉಳಿತಾಯ ಇದು.

ಆಮೇಲೆ ರಂಧ್ರಗಳು ಹಗಲಲ್ಲಿ ಸ್ವಲ್ಪ ಸ್ವಲ್ಪವೇ ಕಿರಿದಾಗುತ್ತವೆ. ಎಲೆಗೆ ಸಿಗದ ಸಕ್ಕರೆ ಬೇರಿನ ಕಡೆ ತಿರುಗಿ, ಆಳದ ಬೇರುಗಳು ಮುಂದುವರಿಯುತ್ತವೆ. ಕೋಶಗಳು ಪ್ರೋಲೀನ್, ಸಕ್ಕರೆ, ಗ್ಲೈಸೀನ್ ಬೀಟೇನ್ ಮೊದಲಾದವನ್ನು ಕೂಡಿಹಾಕಿ ಒಳಗಿನ ದ್ರಾವಣವನ್ನು ಗಾಢಮಾಡಿಕೊಳ್ಳುತ್ತವೆ, ಇದರಿಂದ ಒಣಮಣ್ಣಿನಿಂದಲೂ ತುಸು ನೀರೆಳೆಯುವುದು ಸಾಧ್ಯ. ಇದಕ್ಕೆ ದಿನಗಳು ಬೇಕು. ಬರ ನಿಧಾನವಾಗಿ ಬಂದ ಗಿಡ ತಡೆದುಕೊಳ್ಳುವುದಕ್ಕೂ, ಅದೇ ಜಾತಿಯ ಸಣ್ಣ ಕುಂಡದ ಗಿಡ ಎರಡೇ ದಿನದಲ್ಲಿ ಕೈಚೆಲ್ಲುವುದಕ್ಕೂ ಕಾರಣ ಇಲ್ಲಿದೆ. ಎಲೆ ಜೋಲುವುದು, ಸುರುಳುವುದು, ಹಳೆಯ ಎಲೆ ಉದುರುವುದು ಇನ್ನೂ ಆಮೇಲಿನ ಮಾತು.

ಬುಡದಲ್ಲಿ ತೇವವಿದ್ದರೂ ಮಧ್ಯಾಹ್ನ ಬಾಡುತ್ತದೆ. ನೀರು ಕೊಡಬೇಕೇ?

ಸಾಮಾನ್ಯವಾಗಿ ಬೇಡ. ಇಲ್ಲಿ ಒಣಗಿದ್ದು ಮಣ್ಣಲ್ಲ, ಗಾಳಿ. ಗಾಳಿ ತಾನು ಹಿಡಿಯಬಲ್ಲ ಆವಿಗಿಂತ ಎಷ್ಟು ಕಡಿಮೆ ಹಿಡಿದಿದೆ ಎಂಬುದೇ ಆವಿ ಒತ್ತಡದ ಕೊರತೆ. 25 ಡಿಗ್ರಿ ಸೆಲ್ಸಿಯಸ್, ಶೇ. 60 ತೇವ ಇದ್ದರೆ ಈ ಕೊರತೆ ಸುಮಾರು 1.3 ಕಿಲೋಪ್ಯಾಸ್ಕಲ್. 35 ಡಿಗ್ರಿ, ಶೇ. 30 ತೇವ ಇದ್ದರೆ 3.9. ಬೆಳಗ್ಗೆಗಿಂತ ಮೂರು ಪಟ್ಟು ಸೆಳೆತ! ಬೇರು ಅಷ್ಟು ವೇಗದಲ್ಲಿ ಒದಗಿಸಲಾರದೆ ಎಲೆ ಸ್ವಲ್ಪ ಹೊತ್ತು ಸಾಲ ಮಾಡುತ್ತದೆ, ರಾತ್ರಿ ತೀರಿಸುತ್ತದೆ. ಕುಂಬಳ, ಸೌತೆಯಂಥ ಅಗಲ ಎಲೆಯವು ಇದನ್ನು ದಿನವೂ ಮಾಡುತ್ತವೆ.

ಸರಿಯಾದ ಪರೀಕ್ಷೆ ಸೂರ್ಯೋದಯಕ್ಕೆ ಮುಂಚಿನದು. ರಾತ್ರಿಯಿಡೀ ಎಲೆಯೂ ಮಣ್ಣೂ ಸಮಕ್ಕೆ ಬಂದಿರುತ್ತವೆ. ಆಗ ಎಲೆ ನೆಟ್ಟಗಿದ್ದರೆ ಮಣ್ಣಿನಲ್ಲಿ ನೀರಿದೆ. ನಸುಕಿನಲ್ಲೂ ಜೋತುಬಿದ್ದಿದ್ದರೆ ಗಿಡ ನಿಜವಾಗಿ ಕಷ್ಟದಲ್ಲಿದೆ. ಬೆರಳನ್ನೋ ಕಡ್ಡಿಯನ್ನೋ 8–10 ಸೆಂ.ಮೀ. ಆಳಕ್ಕೆ ಇಳಿಸಿ ನೋಡಿ. ಮೇಲಿನ 2 ಸೆಂ.ಮೀ. ಒಣಗಿರುವುದಕ್ಕೆ ಏನೂ ಅರ್ಥವಿಲ್ಲ.

ನೀರು ಹಾಕಿದಷ್ಟೂ ಹೆಚ್ಚು ಬಾಡುತ್ತಿದೆ. ಇದೆಂಥ ಬರ?

ಬೇರಿಗೆ ಉಸಿರು ಕಟ್ಟಿದ ಬರ. ನೀರು ನಿಂತ ಮಣ್ಣಿನಲ್ಲಿ ಆಮ್ಲಜನಕ ತೀರಿದಾಗ ಬೇರಿನ ಕೋಶರಸ ಆಮ್ಲೀಯವಾಗುತ್ತದೆ. ಆಗ ನೀರನ್ನು ದಾಟಿಸುವ ಅಕ್ವಾಪೋರಿನ್ ಎಂಬ ಪ್ರೋಟೀನ್ ದ್ವಾರಗಳು ಮುಚ್ಚಿಕೊಳ್ಳುತ್ತವೆ. ನೀರಿನ ನಡುವೆ ನಿಂತೇ ಗಿಡ ಬಾಯಾರುತ್ತದೆ. ಒಣಬಾಡಿನಲ್ಲಿ ಕುಂಡ ಹಗುರ, ಎಲೆ ತೆಳ್ಳಗೆ ಗರಿಗರಿ. ನೀರು ನಿಂತ ಬಾಡಿನಲ್ಲಿ ಕುಂಡ ಭಾರ, ಕೆಳಗಿನ ಎಲೆಗಳು ಹಳದಿ, ಬೇರು ಕಂದು ಬಣ್ಣಕ್ಕೆ ತಿರುಗಿ ಎಳೆದರೆ ಸಿಪ್ಪೆ ಸುಲಿಯುತ್ತದೆ, ಕೆಟ್ಟ ವಾಸನೆಯೂ ಇರಬಹುದು. ಮದ್ದು ನೀರಲ್ಲ, ಬಸಿಗಾಲುವೆ.

ಎರಡನೆಯ ಸಾಧ್ಯತೆ ಉಪ್ಪು. ಮಣ್ಣಿನ ದ್ರಾವಣದ ವಿದ್ಯುತ್ ವಾಹಕತೆ ಮೀಟರಿಗೆ 1 ಡೆಸಿಸೀಮೆನ್ಸ್ ಏರಿದರೆ ಜಲವಿಭವ ಸುಮಾರು 0.036 ಮೆಗಾಪ್ಯಾಸ್ಕಲ್ ಕುಸಿಯುತ್ತದೆ. ಅಂದರೆ ಅತಿಯಾಗಿ ಗೊಬ್ಬರ ಸುರಿದ ಕುಂಡದಲ್ಲಿ ಮಣ್ಣು ಹಸಿಯಾಗಿ ಕಂಡರೂ ಬೇರಿಗೆ ಅದು ಅರೆಬರೆ ಒಣಮಣ್ಣೇ. ಬರ ಬಿದ್ದ ಗಿಡಕ್ಕೆ ‘ಶಕ್ತಿ ಬರಲಿ’ ಎಂದು ರಸಗೊಬ್ಬರ ಕೊಡುವುದು ಈ ಕಾರಣಕ್ಕೇ ಅಪಾಯ.

ರಂಧ್ರ ಪೂರ್ತಿ ಮುಚ್ಚಿದ ಮೇಲೆ ನೀರು ಹೋಗುವುದು ನಿಲ್ಲುತ್ತದಲ್ಲವೇ?

ನಿಲ್ಲುವುದಿಲ್ಲ, ತೊಟ್ಟಿಕ್ಕುತ್ತದೆ. ಎಲೆಯ ಹೊರಗೆ ಕ್ಯೂಟಿಕಲ್ ಎಂಬ ಮೇಣದ ಹೊದಿಕೆಯಿದೆ. ಅದರ ಮೂಲಕವೂ, ಸರಿಯಾಗಿ ಮುಚ್ಚದ ರಂಧ್ರಗಳಿಂದಲೂ ಆವಿ ಸೋರುತ್ತಲೇ ಇರುತ್ತದೆ. ದೀರ್ಘ ಬರದಲ್ಲಿ ಗಿಡ ಎಷ್ಟು ದಿನ ಬದುಕೀತು ಎಂಬುದನ್ನು ನಿರ್ಧರಿಸುವುದು ಕೊನೆಗೆ ಈ ಸೋರಿಕೆಯೇ. ಬರಕ್ಕೆ ಒಗ್ಗಿದ ಎಲೆಗಳಲ್ಲಿ ಮೇಣದ ಪದರ ದಪ್ಪವಾಗುತ್ತದೆ. ಕಡುಬಿಸಿಲಿನಲ್ಲಿ ಮೇಣ ಸಡಿಲಗೊಂಡು ಸೋರಿಕೆ ಏರುತ್ತದೆ.

ಹಾಗಾದರೆ ಬೇಗನೆ ಮುಚ್ಚಿಕೊಂಡು ಕೂರುವ ಗಿಡವೇ ಜಾಣ ಗಿಡವೇ?

ಬರ ಎಷ್ಟು ದಿನದ್ದು ಎಂಬುದರ ಮೇಲೆ ಹೋಗುತ್ತದೆ. ಮುಚ್ಚಿದ ಎಲೆಗೆ ಇಂಗಾಲದ ಡೈಆಕ್ಸೈಡ್ ಬರುವುದಿಲ್ಲ, ಆದರೆ ಬಿಸಿಲು ಬೀಳುತ್ತಲೇ ಇರುತ್ತದೆ. ಬಳಕೆಯಾಗದ ಬೆಳಕಿನ ಶಕ್ತಿ ಆಮ್ಲಜನಕದ ಕಡೆ ಹರಿದು ಹಾನಿಕರ ಅಣುಗಳಾಗುತ್ತದೆ. ಎಲೆ ಈ ಶಕ್ತಿಯ ಒಂದು ಭಾಗವನ್ನು ಶಾಖವಾಗಿ ಹೊರಹಾಕುತ್ತದೆ. ಅದೂ ಸಾಲದಾದಾಗ ಪತ್ರಹರಿತ್ತು ಬಿಳುಚುತ್ತದೆ. ತಂಪೂ ನಿಂತಿರುವುದರಿಂದ ಎಲೆ ಪಕ್ಕದ ನೀರುಂಡ ಎಲೆಗಿಂತ ಕೆಲವು ಡಿಗ್ರಿ ಬಿಸಿಯಾಗಿರುತ್ತದೆ. ಇನ್ಫ್ರಾರೆಡ್ ಕ್ಯಾಮೆರಾದಿಂದ ಹೊಲದ ಬಾಯಾರಿಕೆ ಗುರುತಿಸುವುದು ಇದೇ ವ್ಯತ್ಯಾಸದಿಂದ.

ಮೆಕ್ಕೆಜೋಳ, ಅಲಸಂದೆ ಮೊದಲೇ ಬಾಗಿಲು ಹಾಕಿ ಎಲೆಯ ಜಲವಿಭವವನ್ನು ಒಂದು ಮಟ್ಟದಲ್ಲಿ ಕಾಯುತ್ತವೆ. ಇವು ಜಿಪುಣರು. ಸೂರ್ಯಕಾಂತಿ ಸಾಹಸಿ. ಎಲೆಯ ಜಲವಿಭವ ಕುಸಿದರೂ ರಂಧ್ರ ತೆರೆದಿಟ್ಟು ಸಂಪಾದಿಸುತ್ತ ಹೋಗುತ್ತದೆ. ಎರಡು ವಾರದ ಬರವಾದರೆ ಸಾಹಸಿ ಗೆಲ್ಲಬಹುದು. ಬೇರು ಆಳಕ್ಕಿಲ್ಲದೆ ಬರ ಉದ್ದವಾದರೆ ಅದಕ್ಕೇ ಮೊದಲ ಪೆಟ್ಟು. ‘ಕಡಿಮೆ ನೀರು ಬಿಡುವ ತಳಿ’ ಎಂದ ಮಾತ್ರಕ್ಕೆ ಹೆಚ್ಚು ಇಳುವರಿಯ ತಳಿ ಎಂದಲ್ಲ. ಇದು ತಳಿ ಆಯ್ಕೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಮರೆತುಹೋಗುವ ಮಾತು.

ಗಿಡಗಳು ಬಾಯಾರಿದಾಗ ಕಿರುಚುತ್ತವೆ ಎಂಬುದು ನಿಜವೇ?

ಶಬ್ದ ನಿಜ, ಕಿರುಚಾಟ ನಮ್ಮ ಕಲ್ಪನೆ. ಕ್ಸೈಲಂನ ನೀರು ಅತಿಯಾಗಿ ಎಳೆತಕ್ಕೆ ಸಿಕ್ಕಾಗ ಕೊಳವೆಯೊಳಕ್ಕೆ ಗಾಳಿ ನುಗ್ಗಿ ನೀರಿನ ಎಳೆ ಪಟ್ಟನೆ ತುಂಡಾಗುತ್ತದೆ. ಹರಳು ಗಿಡದಲ್ಲಿ ಈ ಕಟಕಟ ಸದ್ದನ್ನು 1966ರಲ್ಲೇ ದಾಖಲಿಸಿದ್ದರು. 2023ರಲ್ಲಿ ಪ್ರಕಟವಾದ ಅಧ್ಯಯನವೊಂದು ಬಾಡುವ ಟೊಮೆಟೊ ಮತ್ತು ತಂಬಾಕು ಗಿಡಗಳಿಂದ ಸುಮಾರು 40–80 ಕಿಲೋಹರ್ಟ್ಸ್‌ನ ಸದ್ದು ಗಾಳಿಯಲ್ಲಿ ಹರಡುವುದನ್ನು ತೋರಿಸಿತು. ನಮ್ಮ ಕಿವಿಗೆ ಅದು ಕೇಳುವುದಿಲ್ಲ.

ಸದ್ದಿಗಿಂತ ಮುಖ್ಯವಾದದ್ದು ಅದರ ಪರಿಣಾಮ. ಗಾಳಿ ತುಂಬಿದ ಕೊಳವೆ ನೀರು ಸಾಗಿಸಲಾರದು. ಉಳಿದವುಗಳ ಮೇಲೆ ಹೊರೆ ಹೆಚ್ಚಿ ಅವೂ ತುಂಡಾಗುತ್ತವೆ. ರಂಧ್ರ ಮುಚ್ಚುವುದರ ನಿಜವಾದ ಉದ್ದೇಶ ನೀರುಳಿಸುವುದಕ್ಕಿಂತ ಈ ಸರಪಳಿ ಕುಸಿತವನ್ನು ತಪ್ಪಿಸುವುದು ಎಂದರೂ ತಪ್ಪಾಗದು. ಮೆಕ್ಕೆಜೋಳದಂಥ ಗಿಡ್ಡ ಗಿಡಗಳು ರಾತ್ರಿ ಬೇರಿನ ಒತ್ತಡದಿಂದ ಕೊಳವೆಗಳನ್ನು ಮತ್ತೆ ತುಂಬಿಕೊಳ್ಳಬಲ್ಲವು. ಎತ್ತರದ ಮರಕ್ಕೆ ಅದು ಸುಲಭವಲ್ಲ. ಹೊಸ ಕಟ್ಟಿಗೆ ಬೆಳೆಯುವವರೆಗೆ ಕಾಯಬೇಕು. ಬರ ಮುಗಿದ ಮರುವರ್ಷವೂ ಮರಗಳ ತುದಿಕೊಂಬೆ ಒಣಗುವುದಕ್ಕೆ ಇದು ಒಂದು ಕಾರಣ.

ಎಲೆ ಸುರುಳುವುದು ರೋಗವೇ, ಉಪಾಯವೇ?

ಭತ್ತ, ಜೋಳ, ಮೆಕ್ಕೆಜೋಳದಲ್ಲಿ ಉಪಾಯ. ಎಲೆಯ ಮೇಲ್ಮೈಯಲ್ಲಿರುವ ಉಬ್ಬಿದ ದೊಡ್ಡ ಕೋಶಗಳು ನೀರು ಕಳೆದುಕೊಂಡು ಕುಗ್ಗಿದಾಗ ಎಲೆ ಒಳಮುಖವಾಗಿ ಕೊಳವೆಯಾಗುತ್ತದೆ. ಬಿಸಿಲಿಗೆ ಒಡ್ಡಿದ ಮೈ ಕಡಿಮೆ, ಕೊಳವೆಯೊಳಗೆ ತೇವ ನಿಂತಿರುತ್ತದೆ. ಸಂಜೆ ಬಿಚ್ಚಿಕೊಂಡರೆ ಚಿಂತೆಯಿಲ್ಲ. ಬೆಳಗ್ಗೆ 8 ಗಂಟೆಗೇ ಸುರುಳಿಕೊಂಡಿದ್ದರೆ ನೀರು ತಡವಾಗಿದೆ ಎಂದೇ ಲೆಕ್ಕ. ಹುರುಳಿಕಾಯಿ, ಸೋಯಾ, ಅಲಸಂದೆಗಳು ಸುರುಳುವ ಬದಲು ಎಲೆಯನ್ನು ಬಿಸಿಲಿಗೆ ಅಂಚು ಕೊಡುವಂತೆ ತಿರುಗಿಸುತ್ತವೆ. ಕಣಗಿಲೆ ಎಲೆಯ ಅಡಿಯಲ್ಲಿ ರಂಧ್ರಗಳು ಕೂದಲು ತುಂಬಿದ ಗುಳಿಗಳೊಳಗೆ ಅವಿತಿವೆ. ಕಳ್ಳಿ ಎಲೆಯನ್ನೇ ಬಿಟ್ಟುಕೊಟ್ಟಿದೆ.

ಟೊಮೆಟೊ, ಮೆಣಸಿನ ಎಲೆ ಮುರುಟಿದರೆ ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ವೈರಸ್, ನುಸಿ, ಥ್ರಿಪ್ಸ್ ಕೂಡ ಹಾಗೆಯೇ ಮಾಡುತ್ತವೆ. ನೀರು ಕೊಟ್ಟ ಮೇಲೂ ಮುರುಟು ಹಾಗೇ ಇದ್ದು, ಹೊಸ ಎಲೆಗಳೇ ವಿಕಾರವಾಗಿದ್ದರೆ ಅದು ಬರವಲ್ಲ.

ರಾತ್ರಿ ರಂಧ್ರ ತೆರೆಯುವ ಗಿಡಗಳಿವೆಯಂತೆ?

ಕಳ್ಳಿ, ಅನಾನಸ್, ಭೂತಾಳೆ, ಹಲವು ಆರ್ಕಿಡ್‌ಗಳು ಹಾಗೆ. ತಂಪು ಹೊತ್ತಿನಲ್ಲಿ ಇಂಗಾಲದ ಡೈಆಕ್ಸೈಡ್ ಹಿಡಿದು ಮ್ಯಾಲಿಕ್ ಆಮ್ಲವಾಗಿ ಕೋಶದ ರಸದಾನಿಯಲ್ಲಿ ಇಡುತ್ತವೆ. ಹಗಲಲ್ಲಿ ಬಾಗಿಲು ಮುಚ್ಚಿ, ಅದನ್ನೇ ಬಿಡಿಸಿ ಸಕ್ಕರೆ ಮಾಡುತ್ತವೆ. ಈ ಕ್ಯಾಮ್ ವಿಧಾನದಲ್ಲಿ ಒಂದು ಇಂಗಾಲದ ಡೈಆಕ್ಸೈಡ್ ಅಣುವಿಗೆ ಹೋಗುವುದು 50ರಿಂದ 100 ನೀರಿನ ಅಣುಗಳು ಮಾತ್ರ. ದಾಸ್ತಾನು ಕೋಣೆ ಚಿಕ್ಕದಾದ್ದರಿಂದ ಬೆಳವಣಿಗೆ ಸಾಮಾನ್ಯವಾಗಿ ನಿಧಾನ. ಹಿಮಸಸ್ಯ ಎಂಬ ಗಿಡವಂತೂ ನೀರಿದ್ದಾಗ ಸಿ3 ಆಗಿದ್ದು, ಬರ ಅಥವಾ ಉಪ್ಪು ತಟ್ಟಿದಾಗ ಕ್ಯಾಮ್‌ಗೆ ಬದಲಾಗುತ್ತದೆ. ಉಳಿದ ಗಿಡಗಳೂ ರಾತ್ರಿ ಪೂರ್ತಿ ಮುಚ್ಚುವುದಿಲ್ಲ. ಹಗಲಿನ ನಷ್ಟದ ಶೇ. 5–15ರಷ್ಟು ರಾತ್ರಿಯೂ ಹೋಗುತ್ತದೆ.

ಪ್ರಯೋಗಾಲಯವಿಲ್ಲದೆ ಬಾಷ್ಪವಿಸರ್ಜನೆ ಅಳೆಯಬಹುದೇ?

ತಕ್ಕಡಿಯೊಂದಿದ್ದರೆ ಸಾಕು. 1727ರಲ್ಲಿ ಇಂಗ್ಲಿಷ್ ವಿಜ್ಞಾನಿ ಸ್ಟೀಫನ್ ಹೇಲ್ಸ್ ಪ್ರಕಟಿಸಿದ ಸೂರ್ಯಕಾಂತಿಯ ಅಳತೆಗಳೂ ಕುಂಡ ತೂಗಿಯೇ ಬಂದವು. 1 ಗ್ರಾಂ ವ್ಯತ್ಯಾಸ ತೋರುವ ಎಲೆಕ್ಟ್ರಾನಿಕ್ ತಕ್ಕಡಿ ಬೇಕು. 10 ಗ್ರಾಂ ಹೆಜ್ಜೆಯದು ಕೆಲಸಕ್ಕೆ ಬಾರದು.

ಒಂದೇ ವಯಸ್ಸಿನ, ಒಂದೇ ಗಾತ್ರದ ಎರಡು ಕುಂಡದ ಗಿಡ ತೆಗೆದುಕೊಳ್ಳಿ. ಸಂಜೆ ತಳದಿಂದ ಹರಿಯುವಷ್ಟು ನೀರು ಹಾಕಿ ರಾತ್ರಿಯಿಡೀ ಬಸಿಯಲು ಬಿಡಿ. ಬೆಳಗ್ಗೆ ಕುಂಡವನ್ನು ಪ್ಲಾಸ್ಟಿಕ್ ಚೀಲದೊಳಗಿಟ್ಟು ಕಾಂಡದ ಬುಡಕ್ಕೆ ಸಡಿಲವಾಗಿ ಕಟ್ಟಿ. ಮಣ್ಣಿನಿಂದ ಆವಿಯಾಗುವುದು ಇದರಿಂದ ನಿಲ್ಲುತ್ತದೆ. ಚೀಲ ಕಪ್ಪಾಗಿದ್ದರೆ ಬೇರು ಬೇಯುತ್ತದೆ, ಬಿಳಿಯದೇ ಇರಲಿ. ದಿನವೂ ಒಂದೇ ಹೊತ್ತಿಗೆ ತೂಗಿ. ಇಳಿದ ಪ್ರತಿ ಗ್ರಾಂ 1 ಮಿಲಿಲೀಟರ್ ನೀರು. ಮೊದಲ ಕುಂಡಕ್ಕೆ ಕಳೆದಷ್ಟನ್ನು ದಿನವೂ ತುಂಬಿ, ಎರಡನೆಯದಕ್ಕೆ ಏನೂ ಹಾಕಬೇಡಿ.

ಮೊದಲ ಕೆಲವು ದಿನ ಎರಡೂ ಕುಂಡ ಹೆಚ್ಚುಕಡಿಮೆ ಒಂದೇ ಸಮ ಕಳೆದುಕೊಳ್ಳುತ್ತವೆ. ಒಣಕುಂಡದಲ್ಲಿ ಬೇರಿಗೆ ದಕ್ಕುವ ನೀರಿನ ಮೂರನೇ ಒಂದು ಭಾಗದ ಆಸುಪಾಸು ಉಳಿದಾಗ ಅದರ ದಿನದ ನಷ್ಟ ದಿಢೀರನೆ ಇಳಿಯತೊಡಗುತ್ತದೆ. ರಂಧ್ರ ಮುಚ್ಚತೊಡಗಿದ ಬಿಂದು ಅದು. ಎಲೆ ಜೋಲುವುದು ಬಹಳ ಸಲ ಅದಕ್ಕಿಂತ ಒಂದೆರಡು ದಿನ ತಡ. ಲೆಕ್ಕ ತಪ್ಪುವುದು ಸಾಮಾನ್ಯವಾಗಿ ಕುಂಡವನ್ನು ನೆರಳಿನಿಂದ ಬಿಸಿಲಿಗೆ ಸರಿಸಿದಾಗ, ಅಥವಾ ಮೋಡದ ದಿನವನ್ನು ಬಿಸಿಲಿನ ದಿನದ ಜೊತೆ ಹೋಲಿಸಿದಾಗ. ಅದಕ್ಕೇ ಎರಡನೆಯ ಕುಂಡದ ಸಂಖ್ಯೆಯನ್ನು ಒಂಟಿಯಾಗಿ ನೋಡದೆ, ಅದೇ ದಿನದ ಮೊದಲ ಕುಂಡದ ಸಂಖ್ಯೆಯಿಂದ ಭಾಗಿಸಿ ನೋಡಬೇಕು.

ಎಲೆಯ ನೀರಿನ ಸ್ಥಿತಿಯೇ ಬೇಕಾದರೆ ಸಾಪೇಕ್ಷ ನೀರಿನಂಶ ನೋಡಿ. ಎಲೆಯ ತುಣುಕುಗಳನ್ನು ಕತ್ತರಿಸಿದ ಕೂಡಲೇ ತೂಗಿ. 4 ಗಂಟೆ ನೀರಿನಲ್ಲಿ ತೇಲಿಸಿ, ಒರೆಸಿ, ಮತ್ತೆ ತೂಗಿ, ಇದು ತುಂಬುತೂಕ. ಆಮೇಲೆ 80 ಡಿಗ್ರಿಯ ಒಲೆಯಲ್ಲಿ 24 ಗಂಟೆ ಒಣಗಿಸಿ ಮೂರನೆಯ ಸಲ ತೂಗಿ. ಹಸಿ ತೂಕದಿಂದ ಒಣ ತೂಕ ಕಳೆದು, ಅದನ್ನು ತುಂಬುತೂಕದಿಂದ ಒಣ ತೂಕ ಕಳೆದದ್ದರಿಂದ ಭಾಗಿಸಿ 100ರಿಂದ ಗುಣಿಸಿ. 90ರ ಮೇಲಿದ್ದರೆ ಗಿಡ ಹಾಯಾಗಿದೆ. 70ರ ಹತ್ತಿರ ಬಾಡಿರುತ್ತದೆ. 50ರ ಕೆಳಗೆ ಬಹುತೇಕ ಬೆಳೆಗಳು ಚೇತರಿಸಿಕೊಳ್ಳುವುದು ಕಷ್ಟ. ಇಲ್ಲಿ ಆಗುವ ದೊಡ್ಡ ತಪ್ಪು ಮೊದಲ ತೂಕಕ್ಕೆ ತಡಮಾಡುವುದು. ತುಣುಕು ಕೈಯಲ್ಲಿರುವಾಗಲೇ ಒಣಗುತ್ತಿರುತ್ತದೆ.

ರಂಧ್ರಗಳನ್ನು ಕಣ್ಣಾರೆ ನೋಡಲು ಎಲೆಯ ಅಡಿಗೆ ಪಾರದರ್ಶಕ ಉಗುರುಬಣ್ಣ ತೆಳುವಾಗಿ ಬಳಿದು, ಒಣಗಿದ ಮೇಲೆ ಅಂಟುಟೇಪಿನಿಂದ ಕಿತ್ತು ಗಾಜಿನ ಮೇಲೆ ಅಂಟಿಸಿ. ಸೂಕ್ಷ್ಮದರ್ಶಕದ 400 ಪಟ್ಟಿನಲ್ಲಿ ಅಚ್ಚು ಚೆನ್ನಾಗಿ ಕಾಣುತ್ತದೆ. ಗಿಡಕ್ಕಿರುವಾಗಲೇ ಬಳಿಯಿರಿ. ಕಿತ್ತ ಎಲೆಯಲ್ಲಿ ಸುತ್ತಲಿನ ಕೋಶಗಳು ಮೊದಲು ಸೊರಗುವುದರಿಂದ ರಂಧ್ರ ಕೆಲವು ನಿಮಿಷ ಇನ್ನಷ್ಟು ತೆರೆದು, ಆಮೇಲೆ ಮುಚ್ಚುತ್ತದೆ.

ಬಾಷ್ಪವಿಸರ್ಜನೆ ತಗ್ಗಿಸಲು ಸಿಂಪಡಣೆ ಉಪಯೋಗವೇ?

ಕೆಲವೊಮ್ಮೆ. ಎಲೆಗೆ ಪೊರೆ ಕಟ್ಟುವ ದ್ರಾವಣಗಳು ಆವಿಯನ್ನು ತಡೆದಂತೆ ಇಂಗಾಲದ ಡೈಆಕ್ಸೈಡನ್ನೂ ತಡೆಯುತ್ತವೆ. ನಾಟಿಯ ಮೊದಲ ವಾರ ಬದುಕುಳಿಯುವುದೇ ಮುಖ್ಯವಾದಾಗ ಸರಿ, ಕಾಳು ತುಂಬುವ ಹೊತ್ತಿಗೆ ಅಲ್ಲ. ಕೇಯೊಲಿನ್ ಎಂಬ ಬಿಳಿ ಜೇಡಿ ಬೇರೆ ಬಗೆ, ಅದು ಬಿಸಿಲನ್ನು ಹಿಂತಿರುಗಿಸಿ ಎಲೆಯನ್ನು ತಂಪಾಗಿಡುತ್ತದೆ. 1 ಲೀಟರ್ ನೀರಿಗೆ 50 ಗ್ರಾಂ ಸಣ್ಣಪುಡಿ ಕಲಸಿ, ಬಟ್ಟೆಯಲ್ಲಿ ಸೋಸಿ, ಸಿಂಪಡಿಸುವಾಗ ಆಗಾಗ ಅಲ್ಲಾಡಿಸುತ್ತಿರಿ. ಇಲ್ಲದಿದ್ದರೆ ತಳಕ್ಕೆ ಇಳಿದು ನಾಝಲ್ ಕಟ್ಟುತ್ತದೆ. ಮಳೆಗೆ ತೊಳೆದುಹೋಗುತ್ತದೆ, ಹೊಸ ಎಲೆಗಳಿಗೆ ಲೇಪ ಇರುವುದಿಲ್ಲ. ಮೋಡ ಮುಚ್ಚಿದ ವಾರಗಳಲ್ಲಿ ಬಳಿದರೆ ಬೆಳಕು ಕಡಿಮೆಯಾಗಿ ನಷ್ಟವೇ.

ನಮ್ಮ ಆಯ್ಕೆ ಕೇಳಿದರೆ ಸಿಂಪಡಣೆಗಿಂತ ಮೊದಲು ಮಣ್ಣಿನ ಹೊದಿಕೆ. 5ರಿಂದ 10 ಸೆಂ.ಮೀ. ಒಣಹುಲ್ಲು ಮಣ್ಣಿನಿಂದ ನೇರ ಆವಿಯಾಗುವ ನೀರನ್ನು ಉಳಿಸುತ್ತದೆ, ಆ ನೀರು ಎಲೆಯ ಮೂಲಕ ಉಪಯೋಗವಾಗಿ ಹೋಗುತ್ತದೆ. ಹೊದಿಕೆಯನ್ನು ಕಾಂಡಕ್ಕೆ ತಾಗಿಸಬೇಡಿ, ಬುಡ ಕೊಳೆಯುತ್ತದೆ. ಕಳೆ ಕೀಳುವುದೂ ನೀರಾವರಿಯೇ, ಪ್ರತಿ ಕಳೆಯೂ ತನ್ನ ಪಾಲು ಆವಿ ಬಿಡುತ್ತಿರುತ್ತದೆ. ಸಾರಜನಕ ಹೆಚ್ಚು ಕೊಟ್ಟು ದೊಡ್ಡ ಎಲೆ ಬೆಳೆಸಿಟ್ಟರೆ ಬರದಲ್ಲಿ ಅದೇ ಸಾಲವಾಗಿ ಕಾಡುತ್ತದೆ.

ಇನ್ನೊಂದು ಜಾಣ ವಿಧಾನ ಬೇರಿನ ಅರ್ಧಕ್ಕೆ ಮಾತ್ರ ನೀರು ಕೊಡುವುದು. ಸಾಲಿನ ಒಂದು ಬದಿ ಒಣಗಲು ಬಿಟ್ಟು, 10–15 ದಿನಕ್ಕೊಮ್ಮೆ ಬದಿ ಬದಲಿಸುತ್ತಾರೆ. ಒಣಬದಿಯ ಬೇರು ‘ಬರ’ ಎಂದು ಸುದ್ದಿ ಕಳಿಸಿ ರಂಧ್ರ ಕಿರಿದಾಗಿಸುತ್ತದೆ, ಹಸಿಬದಿ ನೀರು ಒದಗಿಸುತ್ತದೆ. ದ್ರಾಕ್ಷಿಯಲ್ಲಿ ಇದು ಹೆಚ್ಚು ಬಳಕೆಯಲ್ಲಿದೆ. ಬೇರು ಎರಡೂ ಕಡೆ ಹರಡಿರದ ಎಳೆಯ ಗಿಡಗಳಲ್ಲಿ ಮಾಡಿದರೆ ಕೇವಲ ಅರೆನೀರು ಕೊಟ್ಟಂತಾಗುತ್ತದೆ.

ಬಾಡಿದ ಎಲೆಗೆ ನೀರು ಚಿಮುಕಿಸಿದರೆ?

ಕೆಲವು ನಿಮಿಷ ತಂಪು, ಅಷ್ಟೇ. ನೀರು ಬೇಕಿರುವುದು ಬೇರಿಗೆ. ಬಿಸಿಲಲ್ಲಿ ಹನಿಗಳು ಭೂತಗನ್ನಡಿಯಾಗಿ ಎಲೆ ಸುಡುತ್ತವೆ ಎಂಬ ಭಯ ಮಾತ್ರ ನುಣುಪು ಎಲೆಗಳ ಮಟ್ಟಿಗೆ ಆಧಾರವಿಲ್ಲದ್ದು.

ಸಸಿಗಳನ್ನು ನಾಟಿಗೆ ಮೊದಲು ಬರಕ್ಕೆ ಒಗ್ಗಿಸುವುದು ಹೇಗೆ?

ನಾಟಿಗೆ 7ರಿಂದ 10 ದಿನ ಮುಂಚೆ ನೀರಿನ ನಡುವಿನ ಅಂತರ ಹೆಚ್ಚಿಸಿ, ನೆರಳನ್ನು ಹಂತಹಂತವಾಗಿ ತೆಗೆಯಿರಿ. ಎಲೆ ತುಸು ಬಣ್ಣಗೆಟ್ಟಂತಾದಾಗ ನೀರು ಕೊಡಿ, ಜೋಲುವವರೆಗೆ ಕಾಯಬೇಡಿ. ಈ ಅವಧಿಯಲ್ಲಿ ಮೇಣ ದಪ್ಪವಾಗುತ್ತದೆ, ಎಲೆಗೆ ಹೋಲಿಸಿದರೆ ಬೇರಿನ ಪಾಲು ಹೆಚ್ಚುತ್ತದೆ, ರಂಧ್ರಗಳು ಚುರುಕಾಗಿ ಮುಚ್ಚುವುದನ್ನು ಕಲಿಯುತ್ತವೆ. ತೇವ ತುಂಬಿದ ಗಾಜಿನ ಬಾಟಲಿಯಲ್ಲಿ ಬೆಳೆದ ಅಂಗಾಂಶ ಕೃಷಿಯ ಸಸಿಗಳಿಗೆ ಈ ಹಂತ ತಪ್ಪಿದರೆ ಸಾವು ಬಹುತೇಕ ಖಚಿತ. ಅವುಗಳ ರಂಧ್ರಗಳಿಗೆ ಮುಚ್ಚಿಯೇ ಗೊತ್ತಿರುವುದಿಲ್ಲ. ನಾಟಿಯನ್ನು ಸಂಜೆ ಮಾಡಿ. ಕಿತ್ತಾಗ ತುಂಡಾದ ಎಳೆಬೇರುಗಳಿಗೆ ಒಂದು ರಾತ್ರಿಯ ಬಿಡುವು ಸಿಗುತ್ತದೆ.

ನೀರು ಕೊಟ್ಟು ಎರಡು ದಿನವಾದರೂ ಬೆಳವಣಿಗೆ ಕಾಣುತ್ತಿಲ್ಲ. ಏಕೆ?

ಎಲೆ ನೆಟ್ಟಗಾಗಲು ಕೆಲವು ಗಂಟೆ ಸಾಕು, ರಂಧ್ರ ಮೊದಲಿನಂತೆ ತೆರೆಯಲು ಒಂದರಿಂದ ಹಲವು ದಿನ ಬೇಕಾಗಬಹುದು. ಎಲೆಯಲ್ಲಿ ಉಳಿದ ಎಬಿಎ ಕರಗಬೇಕು, ಗಾಳಿ ಹೊಕ್ಕ ಕೊಳವೆಗಳಿಗೆ ಬದಲಿ ದಾರಿ ಆಗಬೇಕು, ಒಣಗಿ ಸತ್ತ ಎಳೆಬೇರುಗಳ ಜಾಗದಲ್ಲಿ ಹೊಸವು ಬರಬೇಕು. ಬೇರು ಕುಗ್ಗಿ ಮಣ್ಣಿನಿಂದ ಬಿಟ್ಟುಕೊಂಡಿದ್ದರೆ ನೀರು ಬಿರುಕಿನಲ್ಲಿ ಹರಿದು ತಳ ಸೇರುತ್ತದೆ, ಗಿಡಕ್ಕೆ ದಕ್ಕುವುದಿಲ್ಲ. ಆದ್ದರಿಂದ ಒಮ್ಮೆಲೇ ಸುರಿಯದೆ, ಮೊದಲು ಸ್ವಲ್ಪ ಹಾಕಿ, ಅರ್ಧ ಗಂಟೆ ಬಿಟ್ಟು ಪೂರ್ತಿ ಕೊಡಿ. ಪೂರ್ತಿ ಒಣಗಿದ ತೆಂಗಿನ ನಾರಿನ ಕುಂಡವಾದರೆ ಅದನ್ನೇ ನೀರಿನಲ್ಲಿ 20–30 ನಿಮಿಷ ಮುಳುಗಿಸಿಟ್ಟು ಬಸಿಯಲು ಬಿಡಬಹುದು. ಗೊಬ್ಬರವನ್ನು ಹೊಸ ಚಿಗುರು ಕಾಣುವವರೆಗೆ ತಡೆಹಿಡಿಯಿರಿ. ಒಣಗಿದಂತೆ ಕಂಡ ಕೊಂಬೆಗಳನ್ನು ಕೂಡಲೇ ಕತ್ತರಿಸುವುದೂ ಬೇಡ. ಉಗುರಿನಿಂದ ತೊಗಟೆ ಗೀರಿ, ಒಳಗೆ ಹಸಿರಿದ್ದರೆ ಬಿಡಿ. ಮೆಕ್ಕೆಜೋಳದಲ್ಲಿ ಬರ ರೇಷ್ಮೆ (ತೆನೆಯ ತುದಿಯ ಎಳೆಗಳು) ಬಿಡುವ ಹೊತ್ತಿಗೆ ಬಿದ್ದಿದ್ದರೆ ಗಿಡ ಹಸಿರಾದರೂ ಕಾಳು ಹಿಂತಿರುಗದು. ರೇಷ್ಮೆ ತಡವಾಗಿ ಹೊರಬಂದಾಗ ಪರಾಗ ಆಗಲೇ ಉದುರಿಹೋಗಿರುತ್ತದೆ. ಇರುವ ನೀರು ಒಂದೇ ಸರದಿಗೆ ಆಗುವಷ್ಟಿದ್ದರೆ ಅದನ್ನು ರೇಷ್ಮೆ ಬಿಡುವ ಆಸುಪಾಸಿನ ಎರಡು ವಾರಗಳಿಗೆ ಎತ್ತಿಡಿ.